ಹತ್ತನೇ ತುಂಡು

ಹಗ್ಗದ ಕಾರ್ಖಾನೆಯಲ್ಲಿ ಗಿಡ್ಡಿಯ ಕೆಲಸ ಹಗ್ಗ ಹರಿಯುವುದು. ಮನೆಯಲ್ಲಿ ಹರಿದರೆ ಬೈಗುಳ, ಇಲ್ಲಿ ಸಂಬಳ. ಪ್ರತಿ ಲಾಟಿನ, ಅಂದರೆ ಒಂದೇ ಸಲಕ್ಕೆ ಹೊಸೆದ ಸುರುಳಿಗಳ, ಹಗ್ಗವೂ ಸರಾಸರಿ ಎರಡು ಸಾವಿರ ಕಿಲೋ ತಾಳುತ್ತದೆ ಎಂದು ಕಾರ್ಖಾನೆ ಹೇಳಿಕೊಳ್ಳುತ್ತದೆ. ಎಲ್ಲವನ್ನೂ ಹರಿದು ನೋಡಿದರೆ ಮಾರಲು ಉಳಿಯುವುದೇನು, ಮಣ್ಣು! ಅದಕ್ಕೇ ಹತ್ತು ತುಂಡು ಆರಿಸಿ, ಯಂತ್ರಕ್ಕೆ ಕಚ್ಚಿಸಿ, ಹರಿಯುವವರೆಗೆ ಎಳೆಯಬೇಕು. ಸರಾಸರಿ ಕಡಿಮೆ ಬಂದರೆ ಅದು ಬರೀ ಆಕಸ್ಮಿಕವೋ, ಕಾರ್ಖಾನೆಯ ಮಾತೇ ಸುಳ್ಳೋ ಎಂದು ಲೆಕ್ಕ ಹಾಕಿ ಸಹಿ ಮಾಡಬೇಕು.

ಅವಳ ಅಣ್ಣ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನು. “ನನ್ನ ತಂಗಿ ಸಹಿ ಇಲ್ದಿರೋ ಹಗ್ಗಕ್ಕೆ ನಾನು ನೇತಾಡಲ್ಲ” ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ತಿಂಗಳ ಹಿಂದೆ ಅವಳ ಸಹಿಯ ಹಗ್ಗಕ್ಕೇ ನೇತಾಡುತ್ತಿದ್ದಾಗ ಏಳನೇ ಮಹಡಿಯಿಂದ ಬಿದ್ದು ಸತ್ತ. ಗಂಟು ಸರಿಯಾಗಿ ಹಾಕಿರಲಿಲ್ಲ ಎಂದು ವಿಚಾರಣೆಯವರು ಬರೆದು ಕೈ ತೊಳೆದುಕೊಂಡರು. ಅದೇ ಲಾಟಿನ ಉಳಿದ ಸುರುಳಿಗಳು ಇವತ್ತು ಸಂಜೆ ಲಾರಿ ಹತ್ತುವುದಿತ್ತು.

ಮಟಮಟ ಮಧ್ಯಾಹ್ನ ಅಣ್ಣ ಬಂದು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. ಅಂಗಿಯ ತುಂಬ ಬಣ್ಣದ ಹನಿ. ಸತ್ತಾಗಿನಿಂದ ದಿನಾ ಬರುತ್ತಿದ್ದ, ದಿನಾ ಅದೇ ಪ್ರಶ್ನೆ.

“ಆ ಹತ್ತನೇ ತುಂಡು ಎಷ್ಟು ಬಂತೇ, ಗಿಡ್ಡಿ?”

ಆ ಲಾಟನ್ನು ಪರೀಕ್ಷಿಸಿದ ದಿನ ಅದು ಸಾವಿರದ ನಾನೂರಕ್ಕೇ ಹರಿದಿತ್ತು. ಯಂತ್ರದ ಹಿಡಿತ ಜಾರಿರಬೇಕು ಎಂದುಕೊಂಡು ಅವಳು ಅದನ್ನು ಬುಟ್ಟಿಗೆಸೆದು ಇನ್ನೊಂದು ತುಂಡು ಕಚ್ಚಿಸಿದ್ದಳು. ಅದು ಎರಡು ಸಾವಿರ ದಾಟಿತು. ಈ ಕೆಲಸದವರೆಲ್ಲ ಮಾಡುವುದೇ ಹೀಗೆ, ಯಾರೂ ಅದನ್ನು ಮೋಸ ಅನ್ನುವುದಿಲ್ಲ. ಆದರೆ ಹಿಡಿತ ನಿಜಕ್ಕೂ ಜಾರಿತ್ತೇ ಎಂದು ಅವಳು ಬಗ್ಗಿ ನೋಡಿರಲಿಲ್ಲ. ಊಟದ ಹೊತ್ತಾಗಿತ್ತು.

ಇವತ್ತು ಮೊದಲ ಸಲ ಬಾಯಿಬಿಟ್ಟಳು. “ಸಾವಿರದ ನಾನೂರು, ಅಣ್ಣಾ.”

ಎಸೆದ ಅಂಕಿಯನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಳು. ಸರಾಸರಿ ಎರಡು ಸಾವಿರಕ್ಕಿಂತ ಐವತ್ತೊಂದು ಕಿಲೋ ಕೆಳಗಿಳಿಯಿತು. ಆದರೆ ತುಂಡಿನಿಂದ ತುಂಡಿಗೆ ಇಷ್ಟೊಂದು ಏರುಪೇರು ಇರುವಾಗ ಅಷ್ಟು ಕುಸಿತ ಆಕಸ್ಮಿಕವಾಗಿಯೂ ಬರಬಹುದು ಎಂದಿತು ಆ ಹಾಳು ಲೆಕ್ಕ. ಹತ್ತನೇ ತುಂಡು ಕೆಟ್ಟಷ್ಟೂ ಏರುಪೇರು ಹೆಚ್ಚಿ, ಲೆಕ್ಕಕ್ಕೆ ಖಚಿತವಾಗಿ ಏನೂ ಹೇಳಲಾಗದೆ, ಲಾಟು ಬಚಾವಾಗಿತ್ತು.

ಅಣ್ಣ ಕಾಗದದ ಮೇಲೆ ಬಗ್ಗಿದ. “ಪಾಸೇ ಆಗ್ತಿತ್ತಲ್ಲ. ನಿಂದೇನೂ ತಪ್ಪಿಲ್ಲ ಬಿಡು” ಅಂದ.

ಅವಳು ತಟ್ಟನೆ ಎದ್ದಳು. ಕಾಗದ ಹಿಡಿದು ಮ್ಯಾನೇಜರ ಕೋಣೆಗೆ ನಡೆದಳು.

“ಈ ಲಾಟು ಹೋಗ್ಬಾರ್ದು ಸಾರ್.”

“ಯಾಕಮ್ಮಾ? ಈ ಕಾಗದದಲ್ಲಿ ಲೆಕ್ಕ ಪಾಸು ಅಂತಲೇ ಇದ್ಯಲ್ಲ?”

“ಲೆಕ್ಕ ಕೇಳೋದು ಸರಾಸರಿನ ಸಾರ್. ನಮ್ಮಣ್ಣ ನೇತಾಡಿದ್ದು ಒಂದೇ ಒಂದು ಹಗ್ಗಕ್ಕೆ. ಹತ್ತನೇದನ್ನ ನಾನೇ ಎಸ್ದಿದ್ದೆ. ಬರ್ಕೊಡ್ತೀನಿ. ಗಂಟಿನ ಮೇಲೆ ತಪ್ಪು ಹೊರಿಸಿದ್ದನ್ನ ಮತ್ತೆ ವಿಚಾರಿಸ್ಲಿ.”

ಮ್ಯಾನೇಜರು ಬಿಳಿ ಹಾಳೆಯೊಂದನ್ನು ಅವಳ ಮುಂದೆ ತಳ್ಳಿದರು. ಆಮೇಲೆ ಫೋನ್ ಎತ್ತಿ ಲಾರಿ ನಿಲ್ಲಿಸಿದರು.

ಮರುದಿನ ಮಧ್ಯಾಹ್ನ ಅಣ್ಣ ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವನು ಬರುವುದೊಂದು ನಿಂತರೆ ಸಾಕು ಎಂದು ಅವಳು ಎಷ್ಟು ಬೇಡಿಕೊಂಡಿದ್ದಳು! ಈಗ ಖಾಲಿ ಸ್ಟೂಲಿನ ಎದುರು ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಪ್ಪು ಒಪ್ಪಿಕೊಂಡ ದಿನವೇ ಅಣ್ಣ ಪೂರ್ತಿ ಸಾಯುತ್ತಾನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.