ಹೊಸ ವಿಂಡೋಸ್ ಹಾಕಿಸಿದ ದಿನ

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ಗುರಣ್ಣನ ಪ್ರೆಸ್ಸು. ಅಲ್ಲಿಯ ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುವ ಮಾತು ಬಂದಾಗಲೆಲ್ಲ ಅಲ್ಲಿ ಟೈಪು ಮಾಡುವ ತುಳಸಾಬಾಯಿ ಏನಾದರೊಂದು ನೆಪ ಹೇಳುತ್ತಿದ್ದಳು. ನಡುವೆ ಕರೆಂಟು ಹೋದರೆ ಇದ್ದದ್ದೂ ಹಾಳಾದೀತು, ಲಗ್ನದ ದಿನಗಳು ಮುಗಿಯಲಿ, ಹಳೆಯದರಲ್ಲೇ ಕೈ ಕೂತಿದೆ. ಈ ಡಬ್ಬಿಯನ್ನು ತವರುಮನೆಯಿಂದ ತಂದವರ ಹಾಗೆ ಮಾಡುತ್ತೀರಿ ಎಂದು ಗುರಣ್ಣ ನಗುತ್ತಿದ್ದ.

ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರ್ತಿ ಕತ್ತಲೆಯಲ್ಲ, ಅಂಚಿನಲ್ಲಿ ಬಾಗಿಲು, ಮನುಷ್ಯರು, ಬಿಸಿಲು ಮಸುಕಾಗಿ ಸುಳಿಯುತ್ತಿದ್ದವು. ನೇರವಾಗಿ ನೋಡಿದ್ದೆಲ್ಲ ಒಂದು ಕಪ್ಪು ಕಲೆಯೊಳಗೆ ಮುಳುಗುತ್ತಿತ್ತು. ಹೋದದ್ದು ಮರಳುವುದಿಲ್ಲ ಎಂದಿದ್ದರು ಕಲಬುರ್ಗಿಯ ಡಾಕ್ಟರು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ, ಕುರ್ಚಿ ಹೋದರೆ ಬಾಡಿಗೆ ಕೋಣೆ, ಆಮೇಲೆ ಕರಜಗಿಯಲ್ಲಿ ಅಣ್ಣನ ಮನೆಯ ಪಡಸಾಲೆ. ಗಂಡ ತೀರಿದ ವರ್ಷ ಅಲ್ಲಿದ್ದಳು. ತನ್ನ ತಾಟಿಗೆ ಅತ್ತಿಗೆ ರೊಟ್ಟಿ ಎಸೆಯುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿತ್ತು.

ಹಳೆಯ ಯಂತ್ರ ಅವಳನ್ನು ಕಾಪಾಡಿತ್ತು. ಅದರಲ್ಲಿ ಎಲ್ಲವೂ ಕೀಲಿಗಳಿಂದಲೇ ಆಗುತ್ತಿತ್ತು. ಬೆರಳುಗಳಿಗೆ ದಾರಿ ಗೊತ್ತಿತ್ತು. ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುದುಕ ದಾವಲಸಾಬ ಪಕ್ಕದಲ್ಲಿ ಕೂತು ಗಿರಾಕಿ ಬರೆದುಕೊಟ್ಟ ಕಾಪಿ ಓದುತ್ತಿದ್ದ, ಅವಳು ಟೈಪು ಮಾಡುತ್ತಿದ್ದಳು. ಮೊದಲಿನಿಂದಲೂ ಅಲ್ಲಿಯ ಪದ್ಧತಿ ಅದೇ. ತಪ್ಪು ತಿದ್ದುವವನೂ ಅವನೇ. ಕೊನೆಗೆ ಬರೆದದ್ದನ್ನು ಉಳಿಸುವ ಕೀಲಿ ಒತ್ತಿದರೆ ಯಂತ್ರ ಟುಂಯ್ ಎನ್ನುತ್ತಿತ್ತು. ಅವಳ ಕಣ್ಣಿನ ಸಂಗತಿ ದಾವಲಸಾಬನಿಗೆ ಗೊತ್ತಿತ್ತೋ ಏನೋ. ಇತ್ತೀಚೆಗೆ ಚಹಾದ ಕಪ್ಪನ್ನು ಮೇಜಿನ ಮೇಲಿಡದೆ ಅವಳ ಕೈಗೇ ಕೊಡುತ್ತಿದ್ದ.

ಒಂದು ಸೋಮವಾರ ಅವಳು ಬರುವಷ್ಟರಲ್ಲಿ ಕಂಪ್ಯೂಟರ್ ರಿಪೇರಿಯ ವಾಮನ ಕಲಬುರ್ಗಿಯಿಂದ ಬಂದು ಕೂತಿದ್ದ. ಗುರಣ್ಣ ಮೊದಲೇ ಹೇಳಿರಲಿಲ್ಲ. ಸೊಲ್ಲಾಪುರದ ಲಗ್ನದ ಕಾರ್ಡುಗಳಲ್ಲಿರುವಂಥ ಹೂಬಳ್ಳಿ ಹಳೆಯ ಯಂತ್ರದಲ್ಲಿ ಬರದೆ ಗಿರಾಕಿಗಳು ತಿರುಗಿ ಹೋಗುತ್ತಿದ್ದರು. ಗುರಣ್ಣನ ತಪ್ಪೂ ಅಲ್ಲ. ಮಧ್ಯಾಹ್ನದವರೆಗೆ ಯಂತ್ರ ಗುರುಗುಟ್ಟಿತು. ಕರೆಂಟು ಹೋಗಲಿ ಎಂದು ಅವಳು ಒಳಗೇ ಬೇಡಿಕೊಂಡಳು. ದಿನಾ ಹೋಗುವುದು ಅಂದು ಹೋಗಲಿಲ್ಲ.

"ಬರ್ರಿ ತುಳಸಾಬಾಯಿ, ನೀವಽ ಮೊದಲ ಮುಟ್ರಿ," ಎಂದ ಗುರಣ್ಣ.

ವಾಮನ ಅವಳ ಅಂಗೈ ಕೆಳಗೆ ಮೌಸ್ ಇಟ್ಟ. ಪರದೆಯ ಮೇಲೊಂದು ಬಾಣ ಇದೆ, ಅದನ್ನು ಚಿತ್ರದ ಮೇಲೆ ಒಯ್ದು ಎರಡು ಸಲ ಒತ್ತಬೇಕು ಎಂದ. ಅವಳು ಸರಿಸಿದಳು. ನಡುವೆ ಅದೇ ಕಪ್ಪು ಕಲೆ, ಸುತ್ತ ಬರೀ ಬೆಳಕು.

"ಎಡಕ್ಕ ಅಕ್ಕಾರ. ಇನ್ನಷ್ಟು. ದಾಟಿ ಹ್ವಾದ್ರಿ."

ಮುಖ ವಾರೆ ಮಾಡಿದ್ದರೆ ಬಾಣ ಅಂಚಿನಲ್ಲಿ ಸಿಗುತ್ತಿತ್ತೇನೋ, ಆದರೆ ಎಲ್ಲರೂ ನೋಡುತ್ತಿದ್ದರು. ಅಂದಾಜಿನ ಮೇಲೆ ಎರಡು ಸಲ ಒತ್ತಿದಳು. ಯಾರೂ ಏನೂ ಅನ್ನಲಿಲ್ಲ.

ಆಗ ದಾವಲಸಾಬ ಕೆಮ್ಮಿ, ನರೋಣಾದ ಬಸವಂತರಾಯರ ಮಗಳ ಲಗ್ನಪತ್ರಿಕೆಯ ಕಾಪಿ ಎತ್ತಿಕೊಂಡ. "ಆಟ ಸಾಕು. ಬರಕೋ ತಂಗಿ."

ಅವನು ಓದತೊಡಗಿದ. ತೆರೆದಿರಬೇಕು ಎಂದುಕೊಂಡು ಅವಳು ಬೆರಳುಗಳನ್ನು ಬಿಟ್ಟಳು. ದೇವರ ಹೆಸರು, ಅಜ್ಜಂದಿರ ಹೆಸರು, ಮುಹೂರ್ತ. ಮುಹೂರ್ತದ ಹತ್ತಿರ ಅವನ ದನಿ ತಡವರಿಸಿ ನಿಂತಿತು. ಮುಂದಿನದು ಎಲ್ಲ ಪತ್ರಿಕೆಗಳಲ್ಲೂ ಒಂದೇ: ತಾವು ಸಹಕುಟುಂಬ ಬಂದು ವಧೂವರರನ್ನು ಹರಸಬೇಕು. ಅವಳು ಬಾಯಿಪಾಠದಿಂದಲೇ ಮುಗಿಸಿ ಉಳಿಸುವ ಕೀಲಿ ಒತ್ತಿದಳು.

ಟುಂಯ್ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು.

"ಅಕ್ಕಾರ," ವಾಮನ ಮೆಲ್ಲಗೆ ಹೇಳಿದ, "ಏನೂ ತೆರದಽ ಇಲ್ರಿ. ಒಂದ ಅಕ್ಷರ ಬಿದ್ದಿಲ್ಲ."

ಗುರಣ್ಣ ಹತ್ತಿರ ಬಂದು ಕೇಳಿದ: "ಯಾವಾಗಿಂದ್ರಿ?"

ದಾವಲಸಾಬ ಕಾಪಿ ಮಡಚುವ ಸದ್ದು ಕೇಳಿತು. ತುಳಸಾಬಾಯಿ ಮೇಜಿನ ಬದಿ ತಡಕಿ, ತಾನೇ ಹೊಲಿದಿದ್ದ ಹೊದಿಕೆಯನ್ನು ಎತ್ತಿ, ದಿನಾ ಸಂಜೆ ಮಾಡುವಂತೆ ಪರದೆಗೆ ಹೊದಿಸಿದಳು. ಆರಿಸದ ಪರದೆಯ ಬಿಸಿ ಬಟ್ಟೆಯಡಿಯಿಂದ ಅಂಗೈಗೆ ತಾಗುತ್ತಿತ್ತು.