ಮಂಜು ಸರಿಯುವವರೆಗೆ

ಅವ್ವನ ತಲೆ ಮುಂದಕ್ಕೆ ವಾಲದಂತೆ ಬಸವೇಶ್ವರ ಹಣೆಗೆ ಬಿಳಿ ಬಟ್ಟೆ ಸುತ್ತಿ, ಅದರ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದ. ಮೇಲೆ ಸೆರಗು ಎಳೆದ. ಸತ್ತವರನ್ನು ಕೂರಿಸಿಯೇ ಮಣ್ಣಿಗೆ ಕಳಿಸುವುದು ಅವರ ಪದ್ಧತಿ. ಕಸ್ತೂರಬಾಯಿಯನ್ನು ಅವಳದೇ ಕಟ್ಟೆಯ ಮೇಲೆ, ಯೆಣೆಗೂರಿನ ಹೆದ್ದಾರಿಗೆ ಮುಖ ಮಾಡಿ ಕೂರಿಸಿದ್ದರು. ರಾತ್ರಿಯಿಡೀ ಭಜನೆ ಹಾಡಿದವರು ಒಳಗೆ ತೂಕಡಿಸುತ್ತಿದ್ದರು. ಹೊರಗೆ ಅಂಗಳದ ಬೇವಿನ ಗಿಡವೂ ಕಾಣದಷ್ಟು ಮಂಜು.

"ಬಿಸಲ ಏರೂದ್ರಾಗ ಮಣ್ಣ ಮಾಡಿ ಮುಗಸೂಣು," ಎಂದ ಚಿಕ್ಕಪ್ಪ ರೇವಣಪ್ಪ. "ನಿನ್ನಿ ಸಂಜಿಂದ ಕುಂತಾಳ. ಮೀನಲ ಎಲ್ಲಿದ್ದಾಳಂತ?"

"ಉದಗೀರ ಬಿಟ್ಟಾಳ ಕಾಕಾ. ನಾ ಬರೂತನಾ ಅವ್ವನ ಮಾರಿ ಮುಚ್ಚಬ್ಯಾಡ್ರಿ ಅಂತ ಅಳಾಕತ್ಯಾಳ."

"ಎಷ್ಟಂತ ಕಾಯೂದು? ಲೌಕರ ಓಡಸು ಅನ್ನು ಅಳಿಯಾಗ."

ಬಸವೇಶ್ವರ ತಂಗಿ ಮೀನಲಳಿಗೆ ಫೋನು ಹಚ್ಚಿ, ಗಂಡನಿಗೆ ಬೇಗ ಓಡಿಸಲು ಹೇಳು ಎಂದ. ದಣಿದವನಿಗೆ ಹೂಂ ಅನ್ನುವುದೇ ಸುಲಭ.

*

ಕಸ್ತೂರಬಾಯಿಯ ಗಂಡ ಮನ್ಮಥಪ್ಪ ಹೋದದ್ದೂ ಇಂಥದೇ ಚಳಿಗಾಲದ ನಸುಕಿನಲ್ಲಿ. ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಅವನ ಮೋಟಾರ್‌ಸೈಕಲ್ಲು ನುಗ್ಗಿತ್ತು. ಆಮೇಲೆ ಪ್ರತಿ ಚಳಿಗಾಲ ಅವಳು ಕಟ್ಟೆಗೆ ಬಂದು ಕೂತು, ಮಂಜಿನಲ್ಲಿ ಹೋಗುವ ಗಾಡಿಗಳನ್ನು ಕೂಗಿ ನಿಲ್ಲಿಸುತ್ತಿದ್ದಳು.

"ಏ ಭಾವು, ಏನ ಗಂಟ ಮುಳುಗತದ ಅಂತ ಹಿಂಗ ಓಡಸ್ತಿ? ಇಳಿ. ಚಹಾ ಕುಡಿ. ಧುಕಿ ಹೋಗಲಿ, ದಾರಿ ಕಾಣಲಿ."

ಊರವರು ಅವಳಿಗೆ ಹವಾಮಾನ ಖಾತೆ ಎಂದು ಹೆಸರಿಟ್ಟಿದ್ದರು. ಪುಕ್ಕಟೆ ಚಹಾ ಕುದಿಸಿ ಸೊಸೆಗೆ ಸಾಕುಬೇಕಾಗಿತ್ತು. ಫೋನಿಗೆ ಬರುವ ಮಂಜಿನ ಎಚ್ಚರಿಕೆಯನ್ನು ಯಾರು ಓದುತ್ತಾರೆ? ಕಸ್ತೂರಬಾಯಿಯ ಬೈಗುಳಕ್ಕೆ ಮಾತ್ರ ಎಂಥ ಡ್ರೈವರನೂ ಬ್ರೇಕು ಒತ್ತುತ್ತಿದ್ದ.

*

ಮಂಜಿನೊಳಗಿಂದ ಲಾರಿಯೊಂದು ಬಂದು ಮನೆಯೆದುರು ನಿಂತಿತು. ಡ್ರೈವರ್ ತಲೆ ಹೊರಹಾಕಿ ಕಟ್ಟೆಯತ್ತ ಕೂಗಿದ:

"ಅವ್ವಾ, ಮುಂದ ಧುಕಿ ಹ್ಯಾಂಗದ? ಹೋಗಲೇನು?"

ಅವನು ಒಮ್ಮೆ ಹಾರನ್ ಒತ್ತಿದ.

"ಸಿಟ್ಟಾಗೀಯೇನ ಅವ್ವಾ?" ಎಂದು ನಕ್ಕ ಅವನು.

ಬಸವೇಶ್ವರ ಕಟ್ಟೆಯ ತುದಿಗೆ ಬಂದ. "ಹೋಗಬ್ಯಾಡ್ರಿ," ಎಂದ. "ಭಾಳ ಅದ. ನಿಲ್ರಿ."

ಹೇಳಿದ ಮೇಲೆ, ತಂಗಿಗೆ ತಾನೇ ಹೇಳಿದ್ದು ನೆನಪಾಯಿತು. ಮತ್ತೆ ಫೋನು ಹಚ್ಚಿದ.

"ಕಾಸಾರಶಿರಸಿ ದಾಟೇವಿ ಅಣ್ಣಾ," ಎಂದಳು ಮೀನಲ. "ಏನೂ ಕಾಣವಲ್ದು. ಇವರು ಜೋರ ಓಡಸಾಕತ್ಯಾರ. ಅಲ್ಲೀತನಾ ಮಾರಿ ಮುಚ್ಚಬ್ಯಾಡ್ರಿ..."

"ಗಾಡಿ ರೋಡ್ ಬಿಟ್ಟು ಕೆಳಗ ಇಳಸ್ರಿ. ಯಾವದರೆ ಧಾಬಾದಾಗ ಕುಂದರ್ರಿ. ಬಿಸಲ ಬಿದ್ದ ಮ್ಯಾಲ ಬರ್ರಿ. ಅವ್ವ ಎಲ್ಲಿಗೂ ಹೋಗೂದಿಲ್ಲ."

ರೇವಣಪ್ಪ ಗೊಣಗಿದ. "ಕುಣಿ ತೋಡಿ ಆಗ್ಯದ. ಸ್ವಾಮಿಗೋಳು ಕುಂತಾರ."

"ಕುಂದರಲಿ ಕಾಕಾ. ಅವ್ವನೂ ಕುಂತಾಳ."

ಅಷ್ಟರಲ್ಲಿ ಕೆಳಗಿಳಿದು ಬಂದ ಡ್ರೈವರ್, ಸೆರಗಿನಡಿಯ ಬಿಳಿ ಬಟ್ಟೆ ನೋಡಿ ತಲೆಯ ಟವೆಲ್ಲು ತೆಗೆದ. ಪಾದ ಮುಟ್ಟಿ, ಮೆಟ್ಟಿಲ ಮೇಲೆ ಕೂತ.

ಮೀನಲ ಬಂದಾಗ ಸೂರ್ಯ ನೆತ್ತಿ ದಾಟಿದ್ದ. ತಡವಾಯಿತೆಂದು ಯಾರೂ ಅನ್ನಲಿಲ್ಲ. ಅಳುವುದನ್ನೆಲ್ಲ ಅವಳು ದಾರಿಯಲ್ಲೇ ಅತ್ತಿದ್ದಳು. ಕಟ್ಟೆ ಹತ್ತಿ ಅವ್ವನ ಪಕ್ಕದಲ್ಲಿ ಕೂತು, ಬಸ್ಸಿನಲ್ಲಿ ನಿದ್ದೆ ಹತ್ತಿದವಳಂತೆ ಅವಳ ಹೆಗಲಿಗೆ ತಲೆ ಆನಿಸಿದಳು. ಕುಣಿಯ ಹತ್ತಿರದಿಂದ ಕರೆಯಲು ಬಂದವರು ಅಂಗಳದಲ್ಲೇ ನಿಂತರು.