ಯಜಮಾನರ ಒಳ್ಳೆ ಮಾತು

"ನಿಮ್ಮ ಕಾಗದಪತ್ರ ಎಲ್ಲಾ ಸರಿಯಾಗಿದೆ. ಕೆಟ್ಟಿದ್ದು ಫೋನಲ್ಲಿ," ಎಂದಳು ವೀಸಾ ಕಚೇರಿಯ ಹೆಂಗಸು, ಗಾಜಿನ ಆಚೆಯಿಂದ.

ಚಿತ್ರಗಾರನಿಗೆ ತಲೆಬುಡ ಗೊತ್ತಾಗಲಿಲ್ಲ. "ಯಾವ ಫೋನು ಮೇಡಂ?"

"ನೀವು ಯಾರಿಗೆ ಕೆಲಸ ಮಾಡ್ಕೊಡ್ತೀರೋ ಅವರನ್ನ ವಿಚಾರಿಸಿದ್ವಿ. ಎಲ್ಲಿ ಕೂತಾದ್ರೂ ಕೆಲಸ ಮಾಡಬಲ್ಲವರಿಗೆ ಮಾತ್ರ ಈ ವೀಸಾ. ಅವರು ಹೇಳಿದ್ದನ್ನ ಓದ್ತೀನಿ, ಕೇಳಿ. 'ಅವನಿಲ್ದೆ ನಮ್ಮ ಆಫೀಸಲ್ಲಿ ಒಂದು ಹುಲ್ಲುಕಡ್ಡೀನೂ ಅಲ್ಲಾಡಲ್ಲ. ಕರೆದ ತಕ್ಷಣ ಓಡಿ ಬರ್ತಾನೆ. ಅವನ ಮೇಜನ್ನ ಇನ್ನೂ ಯಾರಿಗೂ ಕೊಟ್ಟಿಲ್ಲ.' ಈಗ ನೀವೇ ಹೇಳಿ, ನಾನೇನು ಬರ್ಕೊಳ್ಳಲಿ?"

ಅಯ್ಯೋ ದೇವರೇ! ನಾಲಿಗೆಯ ತುದಿಗೆ ಬಂದ ಬೈಗುಳವನ್ನು ಅವನು ನುಂಗಿಕೊಂಡ.

ನರ್ಸ್ ಆಗಿದ್ದ ಹೆಂಡತಿಗೆ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಮಗುವನ್ನು ಕರೆದೊಯ್ಯಬಹುದಂತೆ, ಗಂಡನನ್ನು ಈಗಲೇ ಆಗುವುದಿಲ್ಲವಂತೆ. ಇದ್ಯಾವ ಸೀಮೆಯ ಕಾನೂನೋ! ತಾಯಿ ಮಗಳು ಹೋಗಿಯಾಗಿತ್ತು. ಅವನಿಗೆ ಉಳಿದದ್ದು ಈ ವೀಸಾ ಒಂದೇ ದಾರಿ. ಅದಕ್ಕೆಂದೇ ಪಠ್ಯಪುಸ್ತಕಗಳಿಗೆ ಕಪ್ಪೆಯ ಹೊಟ್ಟೆ, ಹೂವಿನ ಕೇಸರ ಬರೆಯುತ್ತಿದ್ದ ಸಂಬಳದ ಕೆಲಸ ಬಿಟ್ಟು, ಅದೇ ಕಪ್ಪೆ, ಅದೇ ಹೂವನ್ನು ಅದೇ ಪ್ರಕಾಶಕರಿಗೆ ಮನೆಯಲ್ಲಿ ಕೂತು ಬರೆದು ಕಳಿಸತೊಡಗಿದ್ದ. ಬ್ಯಾಂಕು, ನೋಟರಿ, ಪೊಲೀಸ್ ಠಾಣೆ ಎಂದು ಅಲೆದೂ ಅಲೆದೂ ಚಪ್ಪಲಿ ಸವೆದಿತ್ತು. ಸಂಜೆ ವಿಡಿಯೋದಲ್ಲಿ ಮಗಳು, "ಅಪ್ಪಾ, ಟಿಕೆಟ್ ತಗೊಂಡ್ಯಾ?" ಎನ್ನುತ್ತಿದ್ದಳು. ಈಚೆಗೆ ಅದನ್ನು ಕೇಳುವುದನ್ನೇ ಬಿಟ್ಟಿದ್ದಳು. ಕೇಳುತ್ತಿದ್ದಾಗಿನದಕ್ಕಿಂತ ಈಗಲೇ ಅವನಿಗೆ ಹೆಚ್ಚು ಸಂಕಟ.

"ನಾಳೆ ಬೆಳಿಗ್ಗೆ ಇನ್ನೊಂದ್ಸಲ ಫೋನ್ ಮಾಡ್ತೀವಿ," ಎಂದಳು ಹೆಂಗಸು. "ಅದೂ ಹೀಗೇ ಆದ್ರೆ ಅರ್ಜಿ ವಜಾ. ಆಮೇಲೆ ಒಂದು ವರ್ಷ ಹಾಕೋ ಹಾಗಿಲ್ಲ."

ಅವನು ನೇರ ಪ್ರಕಾಶಕರ ಕಚೇರಿಗೆ ಬಂದ. ಅಂಟಿನ ವಾಸನೆಯ ನಡುವೆ, ಪುಸ್ತಕದ ಕಟ್ಟುಗಳ ಹಿಂದಿನಿಂದ ಯಜಮಾನರು ಮುಖ ಅರಳಿಸಿ ಎದ್ದರು.

"ಬಾರಯ್ಯಾ! ನಿನ್ನ ವೀಸಾದವರ ಫೋನ್ ಬಂದಿತ್ತು. ಹೊಗಳಿ ಅಟ್ಟಕ್ಕೇರಿಸಿಬಿಟ್ಟೆ!"

"ಅಟ್ಟದ ಮೇಲೇ ಕೂತಿದೀನಿ ಸಾರ್. ಇಳಿಯೋಕೆ ಏಣಿ ಇಲ್ಲ."

ವಿಷಯ ಕೇಳಿ ಯಜಮಾನರ ಮುಖ ಸಪ್ಪಗಾಯಿತು. "ಒಳ್ಳೇದು ಹೇಳಿದ್ದೇ ತಪ್ಪಾಯ್ತಾ? ಮತ್ತೇನು ಹೇಳಬೇಕಿತ್ತಪ್ಪಾ?"

"ಅವನು ಎಲ್ಲಿದ್ರೂ ನಮಗೆ ಒಂದೇ, ಚಿತ್ರ ಬಂದ್ರೆ ಸಾಕು, ಅವನ ಮುಖ ನೋಡೋ ಅಗತ್ಯ ಇಲ್ಲ ಅನ್ನಿ."

"ಥೂ, ಬಿಡ್ತು ಅನ್ನು! ಮೀಸೆ ಮೂಡೋ ಮುಂಚೆ ಬಂದು ಸೇರ್ಕೊಂಡವನು ನೀನು. ನನ್ನ ಬಾಯಲ್ಲಿ ಅಂಥ ಮಾತು ಬರಲ್ಲ."

"ಬರಬೇಕು ಸಾರ್!" ಅವನು ಕೂಗಿಯೇ ಬಿಟ್ಟ. ಯಜಮಾನರೆದುರು ಅವನು ಹಿಂದೆಂದೂ ದನಿ ಏರಿಸಿದವನಲ್ಲ. "ಯಾವಾಗ ಬರ್ತೀಯ ಅಂತ ನನ್ನ ಮಗಳು ಕೇಳೋದನ್ನೇ ಬಿಟ್ಟಿದಾಳೆ. ಗೊತ್ತಾ ನಿಮಗೆ?"

ಯಜಮಾನರು ನಿಧಾನವಾಗಿ ಕೂತರು. "ಸರಿ," ಎಂದರು. "ಹೇಳ್ಕೊಡು."

ಅವನು ಎದುರಿನ ಕುರ್ಚಿಯಲ್ಲಿ ಕೂತು ವೀಸಾದ ಹೆಂಗಸಾದ. "ಅವರು ನಿಮ್ಮ ಆಫೀಸಿಗೆ ಬರಲೇಬೇಕಾ?"

"ಬರಲೇಬೇಕು ಅಂತೇನಿಲ್ಲ. ಆದ್ರೆ ಬಂದ್ರೆ ನಮಗೆ ಎಷ್ಟು—"

"ಸಾರ್!"

"ಆಯ್ತಪ್ಪಾ, ಆಯ್ತು. ಇನ್ನೊಂದ್ಸಲ ಕೇಳು."

ಎರಡನೆಯ ಸಲ, ಬರುವುದು ಬೇಡ ಎಂದು ನೆಟ್ಟಗೆ ಹೇಳಿ, ಉಸಿರು ಬಿಡುವಷ್ಟರಲ್ಲಿ, "ಬಂಗಾರದಂಥ ಹುಡುಗ ಮೇಡಂ," ಎಂದು ಸೇರಿಸಿದರು. ಚಿತ್ರಗಾರ ತಲೆಯ ಮೇಲೆ ಕೈಹೊತ್ತು ಕೂತ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರನೆಯ ಸಲ ಯಜಮಾನರು ಅವನ ಕಡೆ ನೋಡಲೇ ಇಲ್ಲ, ಗೋಡೆಗೆ ಹೇಳಿದರು.

"ಬೇಡ. ಅವರು ಬರೋದು ಬೇಕಾಗಿಲ್ಲ. ಅವರಿಲ್ಲದೇ ಹೋದ್ರೆ ನಮಗೇನೂ ಕಷ್ಟ ಇಲ್ಲ."

ಇಷ್ಟು ವರ್ಷ ಯಜಮಾನರ ಬಾಯಲ್ಲಿ 'ಅವನು' ಆಗಿದ್ದವನು ಈಗ 'ಅವರು' ಆಗಿದ್ದ. ಹೇಳಿಕೊಟ್ಟದ್ದು ತಾನೇ ಆದರೂ ಚಿತ್ರಗಾರನಿಗೆ ಕೆನ್ನೆಗೆ ಬಾರಿಸಿದಂತಾಯಿತು.

"ಸರಿಯಾಯ್ತಾ?" ಎಂದರು ಯಜಮಾನರು.

"ಆಯ್ತು ಸಾರ್."

"ಬೆಳಿಗ್ಗೆ ಹೊತ್ತಿಗೆ ಮರೆತುಬಿಟ್ಟೇನು. ಕೇಳು ಮತ್ತೆ."

ಅವನು ಮತ್ತೆ ವೀಸಾದ ಹೆಂಗಸಾದ. "ಅವರು ಹೋಗಿಬಿಟ್ರೆ ನಿಮಗೇನಾದ್ರೂ ತೊಂದರೆ ಇದೆಯಾ?"

ಯಜಮಾನರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒಂದು ಗಾಜು ಒರೆಸಿಯಾಯಿತು, ಇನ್ನೊಂದೂ ಆಯಿತು.

"ಇಲ್ಲ," ಎಂದರು.